ಹಾಳೂರಿನ ಆಟದಲ್ಲಿ ನೀರಿನ ಪಾಲು

1997ರ ಅಕ್ಟೋಬರಿನಲ್ಲಿ ಅಮೆರಿಕದ ಇಂಟರ್‌ಪ್ಲೇ ಕಂಪನಿ ‘ಫಾಲ್‌ಔಟ್’ ಎಂಬ ಕಂಪ್ಯೂಟರ್ ಆಟವನ್ನು ಮಾರುಕಟ್ಟೆಗೆ ತಂದಿತು. ಆಟದ ಕಥೆಯಲ್ಲಿ ಅಣುಯುದ್ಧದಿಂದ ಭೂಮಿ ಸುಟ್ಟು ಎಂಬತ್ತು ವರ್ಷ ದಾಟಿದೆ. ಒಂದಷ್ಟು ಜನ ನೆಲದಡಿಯ ಆಶ್ರಯದಲ್ಲಿ ತಲೆಮಾರುಗಳಿಂದ ಬಾಗಿಲು ಹಾಕಿಕೊಂಡು ಬದುಕಿದ್ದಾರೆ. ಒಂದು ದಿನ ಅಲ್ಲಿ ನೀರು ಶುದ್ಧ ಮಾಡುವ ಯಂತ್ರದ ಬಿಡಿಭಾಗವೊಂದು ಕೆಡುತ್ತದೆ. ಇರುವ ನೀರು 150 ದಿನಕ್ಕೆ ಸಾಕು. ಅಷ್ಟರೊಳಗೆ ಹೊರಗೆ ಹೋಗಿ ಆ ಭಾಗವನ್ನು ಹುಡುಕಿ ತರುವ ಹೊಣೆ ಆಡುವವರ ತಲೆಯ ಮೇಲೆ. ರಾಕ್ಷಸರು, ಬಂದೂಕುಗಳು, ದರೋಡೆಕೋರರು ಎಲ್ಲ ಆಮೇಲೆ ಬರುತ್ತಾರೆ.

ಬಯಲುಸೀಮೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯವರಿಗೆ ಈ ಆರಂಭವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೋಟರ್ ಸುಟ್ಟುಹೋದ ದಿನ, ಬೋರ್‌ವೆಲ್‌ನಲ್ಲಿ ನೀರು ಕೆಳಗಿಳಿದು ಇನ್ನಷ್ಟು ಪೈಪು ಬಿಡಬೇಕಾದ ದಿನ ಇಲ್ಲಿ ಎಲ್ಲ ಮನೆಗೂ ಗೊತ್ತು. ಆದರೂ ಈ ಆಟಗಳ ಬಗ್ಗೆ ಇಪ್ಪತ್ತೈದು ವರ್ಷಗಳಿಂದ ನಡೆದಿರುವ ಮಾತುಕತೆಯಲ್ಲಿ ಬಂದೂಕು, ಚಿತ್ರಗಳ ನಯ, ತಾಂತ್ರಿಕ ದೋಷ, ಮಾರಾಟದ ಅಂಕಿಗಳೇ ಮುಂದೆ ನಿಂತಿವೆ. ನೀರನ್ನು ಯಾರೂ ಗಂಭೀರವಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ. ಈ ಬಗೆಯ ಆಟಗಳು ಹೇಗೆ ಹುಟ್ಟಿದವು, ಜಗತ್ತು ಮತ್ತು ನಮ್ಮ ದೇಶ ಅವನ್ನು ಹೇಗೆ ಬರಮಾಡಿಕೊಂಡವು, ನಮ್ಮ ನೆಲಕ್ಕೂ ಅವಕ್ಕೂ ಏನು ಸಂಬಂಧ ಎಂಬುದನ್ನು ನೀರಿನ ಕಡೆಯಿಂದ ನೋಡಬೇಕೆಂಬುದು ಈ ಬರಹದ ಆಸೆ.

ಆಟದ ಜಾತಿಯನ್ನು ಮೊದಲು ಹೇಳಿಬಿಡುತ್ತೇನೆ. ರೋಲ್ ಪ್ಲೇಯಿಂಗ್ ಗೇಮ್ ಎಂದರೆ ಆಡುವವರು ಒಂದು ಪಾತ್ರವನ್ನು ಕಟ್ಟಿಕೊಂಡು, ಅದರ ಬುದ್ಧಿ, ಬಲ, ಮಾತುಗಾರಿಕೆಗೆ ತಕ್ಕಂತೆ ಕಥೆಯನ್ನು ನಡೆಸುವುದು. ಓಪನ್ ವರ್ಲ್ಡ್ ಎಂದರೆ ಇಂಥದೇ ದಾರಿಯಲ್ಲಿ ಹೋಗಬೇಕೆಂಬ ಕಟ್ಟಿಲ್ಲದೆ ಇಡೀ ಸೀಮೆಯನ್ನು ತಿರುಗಲು ಬಿಡುವುದು. ಹಾಳಾದ ಜಗತ್ತಿಗೆ ಈ ಎರಡನ್ನೂ ಜೋಡಿಸುವ ಕೆಲಸಕ್ಕೆ ಬ್ರಯನ್ ಫಾರ್ಗೋ ತಂಡದ ‘ವೇಸ್ಟ್‌ಲ್ಯಾಂಡ್’ 1988ರಲ್ಲೇ ದಾರಿ ಹಾಕಿತ್ತು. ಫಾಲ್‌ಔಟ್ ಅದರ ಮುಂದಿನ ಕೂಸು. ಟಿಮ್ ಕೇನ್ ಎಂಬ ಪ್ರೋಗ್ರಾಮರ್ ಇದನ್ನು 1994ರಲ್ಲಿ ಒಬ್ಬನೇ ಶುರುಮಾಡಿದ. ಲಿಯೊನಾರ್ಡ್ ಬೊಯಾರ್ಸ್ಕಿ, ಜೇಸನ್ ಆ್ಯಂಡರ್ಸನ್ ಮುಂತಾದವರು ಕೂಡಿಕೊಂಡರು. ಮೊದಲು ಸ್ಟೀವ್ ಜಾಕ್ಸನ್ ಗೇಮ್ಸ್ ಸಂಸ್ಥೆಯ ‘ಗರ್ಪ್ಸ್’ ಎಂಬ ನಿಯಮಾವಳಿಯ ಪರವಾನಗಿ ಪಡೆದು ಕೆಲಸ ನಡೆದಿತ್ತು. ಆಟದೊಳಗಿನ ಹಿಂಸೆಯ ವಿಚಾರದಲ್ಲಿ ಇಬ್ಬರಿಗೂ ಸರಿಹೋಗದೆ 1997ರ ಆರಂಭದಲ್ಲಿ ಆ ಒಪ್ಪಂದ ಮುರಿದುಬಿತ್ತು. ಬಿಡುಗಡೆಗೆ ತಿಂಗಳುಗಳಷ್ಟೇ ಉಳಿದಿದ್ದಾಗ ತಂಡದವರು ತಮ್ಮದೇ ನಿಯಮಾವಳಿಯನ್ನು ಹೊಸೆದರು. ಇವತ್ತಿಗೂ ಆ ಸರಣಿಯ ಗುರುತಾಗಿರುವುದು ಅವಸರದಲ್ಲಿ ಹುಟ್ಟಿದ ಆ ವ್ಯವಸ್ಥೆಯೇ.

ಆ ಮೊದಲ ಆಟದಲ್ಲಿ ಹತ್ತಿರದಿಂದ ನೋಡಬೇಕಾದ ಸನ್ನಿವೇಶವೊಂದಿದೆ. ಹುಡುಕುತ್ತಿರುವ ಬಿಡಿಭಾಗ ಕೊನೆಗೆ ಸಿಗುವುದು ನೆಕ್ರೊಪೊಲಿಸ್ ಎಂಬ ಹಾಳೂರಿನಲ್ಲಿ. ಅಲ್ಲಿ ವಿಕಿರಣಕ್ಕೆ ಸಿಕ್ಕಿ ಚರ್ಮ ಸುಲಿದಂತಾಗಿರುವ ಜನ ಇದ್ದಾರೆ. ಅವರಿಗೂ ನೀರು ಸಿಗುತ್ತಿರುವುದು ಅದೇ ಭಾಗದಿಂದ. ಅದನ್ನು ಕಿತ್ತುಕೊಂಡು ಹೊರಟರೆ ನಮ್ಮವರು ಉಳಿಯುತ್ತಾರೆ, ಅವರು ಸಾಯುತ್ತಾರೆ. ಅಲ್ಲೇ ಪಕ್ಕದಲ್ಲಿ ಕೆಟ್ಟುನಿಂತ ಹಳೆಯ ಪಂಪು ಒಂದಿದೆ. ಚರಂಡಿಯೊಳಗೆ ಇಳಿದು ಬಿಡಿಭಾಗ ಹೊಂಚಿಕೊಂಡು ಬಂದು, ರಿಪೇರಿಯ ಕೈಚಳಕವಿದ್ದರೆ ಅದನ್ನು ಸರಿಮಾಡಬಹುದು. ಆಗ ಎರಡೂ ಊರು ಬದುಕುತ್ತವೆ. ಆಟ ಇದನ್ನು ಕಡ್ಡಾಯ ಮಾಡುವುದಿಲ್ಲ. ಪಂಪಿನ ಕಡೆ ಕಣ್ಣೆತ್ತಿಯೂ ನೋಡದೆ ಹೊರಟುಹೋದವರಿಗೆ ತಡೆಯೂ ಇಲ್ಲ. ಒಂದು ಊರಿನ ನೀರು ಇನ್ನೊಂದು ಊರಿಗೆ ಹೋಗುವಾಗ ಹಿಂದೆ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಬೆರಳ ತುದಿಗೆ ತಂದುಕೊಟ್ಟ ಈ ಭಾಗ ನನ್ನ ಮಟ್ಟಿಗೆ ಇಡೀ ಸರಣಿಯ ಉತ್ತಮ ಬರವಣಿಗೆ.

ಮುಂದಿನ ವರ್ಷ ಎರಡನೆಯ ಆಟ ಬಂತು. ಆಮೇಲೆ ಇಂಟರ್‌ಪ್ಲೇ ಹಣಕಾಸಿನಲ್ಲಿ ಕುಸಿಯಿತು, ಮೂರನೆಯ ಆಟದ ಕೆಲಸ 2003ರ ಡಿಸೆಂಬರಿನಲ್ಲಿ ನಿಂತಿತು, ತಂಡ ಮನೆಗೆ ಹೋಯಿತು. 2004ರಲ್ಲಿ ಬೆಥೆಸ್ಡಾ ಕಂಪನಿ ಮೊದಲು ಪರವಾನಗಿ ಪಡೆದು, 2007ರಲ್ಲಿ 57.5 ಲಕ್ಷ ಡಾಲರಿಗೆ ಫಾಲ್‌ಔಟ್ ಹಕ್ಕನ್ನೇ ಕೊಂಡಿತು.

ಬೆಥೆಸ್ಡಾದವರು ಮಾಡಿದ ಮುಖ್ಯ ಕೆಲಸವೆಂದರೆ ಹಾಳುಮಾಡಲು ತಮ್ಮದೇ ಊರನ್ನು ಆರಿಸಿಕೊಂಡದ್ದು. ಇಂಟರ್‌ಪ್ಲೇ ಇದ್ದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮೊದಲ ಆಟದ ಮರುಭೂಮಿಯೂ ಅದೇ. ಬೆಥೆಸ್ಡಾ ಇರುವುದು ವಾಷಿಂಗ್ಟನ್ನಿಗೆ ಅಂಟಿಕೊಂಡ ಮೇರಿಲ್ಯಾಂಡ್‌ನಲ್ಲಿ. ‘ಫಾಲ್‌ಔಟ್ 3’ರ ಹಾಳು ಸೀಮೆ ವಾಷಿಂಗ್ಟನ್ನೇ. ಅವರು ದಿನಾ ಓಡಾಡುವ ಮೆಟ್ರೋ ಸುರಂಗ, ಶಾಲಾ ಮಕ್ಕಳನ್ನು ಕರೆದೊಯ್ಯುವ ಸ್ಮಾರಕಗಳು ಮುರಿದು ಬಿದ್ದಿವೆ. ಟಾಡ್ ಹೊವಾರ್ಡ್ ನಿರ್ದೇಶನ, ಎಮಿಲ್ ಪಗ್ಲಿಯರೂಲೊ ಬರವಣಿಗೆ. ಮುಂದೆ 2012ರಲ್ಲಿ ತೀರಿಕೊಂಡ ಆ್ಯಡಮ್ ಆಡಮೋವಿಚ್ ಬರೆದ ಚಿತ್ರಗಳಿಂದ ಈ ಲೋಕದ ಚಹರೆ ಮೂಡಿತು. ಮೇಲಿನಿಂದ ಚದುರಂಗದ ಮಣೆಯಂತೆ ಕಾಣುತ್ತಿದ್ದ ಆಟ ಈಗ ಆಡುವವರ ಕಣ್ಣಿನ ಮಟ್ಟಕ್ಕೆ ಇಳಿಯಿತು. ಹಳೆಯ ಅಭಿಮಾನಿಗಳು ಇದನ್ನು ದ್ರೋಹವೆಂದರು. ಹೊಸಬರು ಮುಗಿಬಿದ್ದರು. 2008ರ ಅಕ್ಟೋಬರ್ 28ರಂದು ಬಿಡುಗಡೆಯಾಗಿ, ಮೊದಲ ವಾರದಲ್ಲೇ 47 ಲಕ್ಷ ಪ್ರತಿಗಳು ಅಂಗಡಿಗಳಿಗೆ ಹೋದವೆಂದು ಕಂಪನಿ ಹೇಳಿತು. ವಿಮರ್ಶಕರ ಸರಾಸರಿ ಅಂಕ ನೂರಕ್ಕೆ 90 ದಾಟಿತು. ಆಟ ತಯಾರಕರೇ ಆರಿಸುವ ವರ್ಷದ ಅತ್ಯುತ್ತಮ ಆಟದ ಪ್ರಶಸ್ತಿಯೂ ಬಂತು.

ಇಲ್ಲೂ ಕಥೆಯ ಬೆನ್ನೆಲುಬು ನೀರು. ಪೊಟೊಮ್ಯಾಕ್ ನದಿಯ ದಡದ ಜೆಫರ್ಸನ್ ಸ್ಮಾರಕದಲ್ಲಿ ಇಡೀ ಸೀಮೆಗೆ ಕುಡಿಯುವ ನೀರು ಕೊಡುವ ಯಂತ್ರ ಕಟ್ಟಲು ಹೊರಟ ತಂದೆ, ಅವನನ್ನು ಹುಡುಕಿ ಹೊರಟ ಮಗು. ಆ ಲೋಕದಲ್ಲಿ ನಲ್ಲಿಯಲ್ಲಿ ಕುಡಿದರೂ, ಹೊಂಡದಲ್ಲಿ ಕುಡಿದರೂ ದಾಹ ತೀರುವುದರ ಜೊತೆಗೆ ವಿಕಿರಣ ಮೈಗೆ ಸೇರುತ್ತದೆ. ಊರ ಬಾಗಿಲಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ. ದುಡ್ಡು ಕೇಳುವುದಿಲ್ಲ, ಶುದ್ಧ ನೀರು ಕೇಳುತ್ತಾನೆ. ನಮ್ಮ ಚೀಲದಲ್ಲಿ ಒಂದೆರಡು ಬಾಟಲಿ ಮಾತ್ರ ಇರುವಾಗ ಕೊಡುವುದೋ ಬಿಡುವುದೋ ಎಂದು ಕೈ ತಡೆಯುತ್ತದೆ. ಪಾವಗಡದ ನೆಲದಡಿಯ ನೀರಿನಲ್ಲಿ ಫ್ಲೋರೈಡ್ ಇದೆ. ಕಣ್ಣಿಗೆ ತಿಳಿಯಾಗಿರುವ ಆ ನೀರು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದಿ, ಮೂಳೆ ಬಿಗಿದುಕೊಳ್ಳುತ್ತದೆ. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದದ್ದು ಅದಕ್ಕಾಗಿಯೇ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವವರಿಗೆ, ಕಾಣದ ವಿಷವಿರುವ ನೀರೆಂದರೆ ಏನು ಎಂಬುದು ವಾಷಿಂಗ್ಟನ್ನಿನವರಿಗಿಂತ ಚೆನ್ನಾಗಿ ಗೊತ್ತು.

ಫಾಲ್‌ಔಟ್ 3ರ ಕೊನೆಯ ಬಗ್ಗೆ ದೊಡ್ಡ ಜಗಳವೇ ನಡೆಯಿತು. ಯಂತ್ರ ಚಾಲೂ ಮಾಡಲು ವಿಕಿರಣ ತುಂಬಿದ ಕೋಣೆಯೊಳಗೆ ಒಬ್ಬರು ಹೋಗಿ ಸಾಯಬೇಕು. ಜೊತೆಗಿರುವ ಫಾಕ್ಸ್ ಎಂಬ ದೈತ್ಯನಿಗೆ ವಿಕಿರಣ ತಟ್ಟುವುದಿಲ್ಲ, ಆದರೂ ಅವನು ಇದು ನಿನ್ನ ಹಣೆಬರಹವೆಂದು ಹಿಂದೆ ಸರಿಯುತ್ತಾನೆ. ಆಡಿದವರಿಗೆ ಇದನ್ನು ಸಹಿಸಲಾಗಲಿಲ್ಲ. ಕಂಪನಿ 2009ರಲ್ಲಿ ‘ಬ್ರೋಕನ್ ಸ್ಟೀಲ್’ ಎಂಬ ಹೆಚ್ಚುವರಿ ಭಾಗ ತಂದು, ಅವನನ್ನೇ ಕಳುಹಿಸಬಹುದೆಂದು ತಿದ್ದಿತು, ಕಥಾನಾಯಕ ಬದುಕುಳಿಯುವಂತೆ ಮಾಡಿತು. ಓದುಗರು ಕೇಳಿದರೆಂದು ಕಾದಂಬರಿಯ ಕೊನೆಯನ್ನು ಬದಲಿಸಿದ ಹಾಗೆ ಇದು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ಭಾಗದಲ್ಲಿ ಸೇರಿಸಿದ ಇನ್ನೊಂದು ಸಂಗತಿ. ಯಂತ್ರ ಚಾಲೂ ಆದಮೇಲೆ ನೀರು ಊರುಗಳಿಗೆ ಹೋಗಬೇಕಲ್ಲ? ಸಾಗಣೆಯವರು ಬೇಕು, ಕಾವಲು ಬೇಕು, ನಡುವೆ ಕದಿಯುವವರು ಹುಟ್ಟಿಕೊಳ್ಳುತ್ತಾರೆ, ದೊಡ್ಡ ಊರಿಗೆ ಮೊದಲು ಹೋಗುತ್ತದೆ. ನೀರು ಸಿಕ್ಕಿದ ದಿನವೇ ನೀರಿನ ರಾಜಕೀಯ ಶುರುವಾಗುತ್ತದೆಂಬ ಅರಿವು ಆ ಪುಟ್ಟ ಭಾಗದಲ್ಲಿದೆ.

2020ರ ನವೆಂಬರಿನ ಶಿರಾ ಉಪಚುನಾವಣೆಯನ್ನು ನೆನೆಯಿರಿ. ಹೇಮಾವತಿ ನಾಲೆಯಿಂದ ನೀರು ಕಳ್ಳಂಬೆಳ್ಳ ಕೆರೆಗೆ ಬಂದು, ಅಲ್ಲಿಂದ ಶಿರಾ ಕೆರೆಗೆ ಹರಿಯುತ್ತದೆ. ಅದಕ್ಕೂ ಮುಂದಿನ ಮದಲೂರು ಕೆರೆಗೆ ನೀರು ತರುತ್ತೇವೆಂಬ ಮಾತೇ ಆ ಚುನಾವಣೆಯ ದೊಡ್ಡ ಭರವಸೆಯಾಗಿತ್ತು. ಚುನಾವಣೆ ಮುಗಿದ ಮೇಲೆ ಮದಲೂರಿಗೆ ನೀರಿನ ಹಂಚಿಕೆ ಇದೆಯೋ ಇಲ್ಲವೋ ಎಂಬ ವಾದ ಶುರುವಾಯಿತು. 2025ರಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಕೆನಾಲ್ ಎಂಬ ನಾಲೆಯ ಯೋಜನೆಯನ್ನು ವಿರೋಧಿಸಿ ಗುಬ್ಬಿ ಕಡೆಯ ರೈತರು ಬೀದಿಗಿಳಿದರು. ನಾಲೆಯ ತಲೆಯಲ್ಲಿರುವವರು, ಬಾಲದಲ್ಲಿರುವವರು, ನಡುವೆ ತೂಬು ಎತ್ತುವವರು: ಇಲ್ಲಿಯ ಕಥೆಗೆ ಅಣುಬಾಂಬು ಬೇಕಾಗಲಿಲ್ಲ.

ಹೊರಗಿನ ದೇಶಗಳು ಫಾಲ್‌ಔಟ್ 3ನ್ನು ಬರಮಾಡಿಕೊಂಡ ಬಗೆ ಅವರವರ ನೋವು, ಅಂಜಿಕೆಗಳನ್ನು ತೋರಿಸಿತು. ಆಸ್ಟ್ರೇಲಿಯಾ 2008ರ ಜುಲೈನಲ್ಲಿ ಆಟಕ್ಕೆ ಪ್ರಮಾಣಪತ್ರ ನಿರಾಕರಿಸಿತು. ಕಾರಣ ಆಟದಲ್ಲಿ ನಿಜಜೀವನದ ಮಾದಕ ಔಷಧಿ ಮಾರ್ಫಿನ್ ಇದ್ದದ್ದು. ಕಂಪನಿ ಅದರ ಹೆಸರನ್ನು ‘ಮೆಡ್-ಎಕ್ಸ್’ ಎಂದು ಎಲ್ಲ ದೇಶಗಳಿಗೂ ಬದಲಿಸಿತು. ಜಪಾನಿನಲ್ಲಿ, ಸಿಡಿಯದೆ ಉಳಿದ ಅಣುಬಾಂಬಿನ ಸುತ್ತ ಕಟ್ಟಿದ ಮೆಗಾಟನ್ ಎಂಬ ಊರನ್ನು ಆಡುವವರು ಸಿಡಿಸಬಹುದಾದ ಆಯ್ಕೆಯನ್ನೇ ತೆಗೆದರು. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಹೆಸರು ಹೊತ್ತ ಆಯುಧಕ್ಕೆ ಬೇರೆ ಹೆಸರಿಟ್ಟರು. ಅವರ ನೋವು ಅವರದು, ಅದನ್ನು ಗೌರವಿಸಲೇಬೇಕು.

ಭಾರತದಲ್ಲಿ ಆಟದ ಎಕ್ಸ್‌ಬಾಕ್ಸ್ 360 ಆವೃತ್ತಿ ಬರಲೇ ಇಲ್ಲ. ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣಕ್ಕೆ ತರುತ್ತಿಲ್ಲವೆಂದು ಮೈಕ್ರೋಸಾಫ್ಟ್ 2008ರ ಅಕ್ಟೋಬರಿನಲ್ಲಿ ಹೇಳಿತು. ಇಂಥದೇ ಕಾರಣ ಎಂದು ಬಿಡಿಸಿ ಹೇಳಲಿಲ್ಲ. ಆಟದಲ್ಲಿ ವಿಕಿರಣದಿಂದ ಎರಡು ತಲೆ ಬೆಳೆದ ಹಸುಗಳಿವೆ, ಅವಕ್ಕೆ ‘ಬ್ರಾಹ್ಮಿನ್’ ಎಂದು ಹೆಸರು, ಅವನ್ನು ಕೊಲ್ಲಬಹುದು, ಮಾಂಸ ತಿನ್ನಬಹುದು. ಅದೇ ಕಾರಣವಿರಬೇಕೆಂದು ಎಲ್ಲರೂ ಊಹಿಸಿದರು. ಅದೇ ಹೆಸರಿನ ಅದೇ ಹಸು 1997ರ ಆಟದಲ್ಲೂ ಇತ್ತು. ಅಮೆರಿಕದ ದನಗಾಹಿಗಳ ನಾಡಿನಲ್ಲಿ ‘ಬ್ರಾಹ್ಮನ್’ ಎಂಬ ದನದ ತಳಿಯೇ ಇದೆ. ಹತ್ತೊಂಬತ್ತನೇ ಶತಮಾನದಿಂದ ಅಲ್ಲಿಗೆ ಹೋದ ಗಿರ್, ನೆಲ್ಲೂರು, ಗುಜರಾತಿನ ದನಗಳ ಜೊತೆ ನಮ್ಮ ಕೃಷ್ಣಾ ಕಣಿವೆಯ ತಳಿಯೂ ಸೇರಿ ಅದು ಹುಟ್ಟಿತು.

ದೇಶ ಆ ಹಸುವಿನ ಹೆಸರನ್ನು ಚರ್ಚಿಸಿತು. ಶಿರಾ ಸೀಮೆಯ ದನ ಕಟ್ಟಿದವರು ಅದನ್ನು ಕಂಡಿದ್ದರೆ ಮೊದಲು ಅದರ ಮೇವು ಎಲ್ಲಿ ಎಂದು ಕೇಳುತ್ತಿದ್ದರು. ಫಾಲ್‌ಔಟ್ 3ರ ಭೂಮಿಯಲ್ಲಿ ಬಾಂಬು ಬಿದ್ದು ಇನ್ನೂರು ವರ್ಷವಾಗಿದೆ. ಜನ ಇನ್ನೂ ಹಳೆಯ ಅಂಗಡಿಗಳ ಡಬ್ಬಿ ಊಟ ಹುಡುಕಿ ತಿನ್ನುತ್ತಿದ್ದಾರೆ. ಹೊಲವೆಂಬುದು ಕಾಣುವುದೇ ಇಲ್ಲ, ಹುಲ್ಲಿನ ಬಣವೆ ಇಲ್ಲ. ದನ ಮಾತ್ರ ಮೈತುಂಬಿಕೊಂಡು ಹೊರೆ ಹೊತ್ತು ನಡೆಯುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದಾಗ ಮೊದಲು ಎದ್ದ ಮಾತುಗಳಲ್ಲಿ ಮೇವು ಒಂದು. ಬರಗಾಲ ಕಂಡ ಯಾರೂ ಈ ಲೋಕವನ್ನು ಹೀಗೆ ಬರೆಯುತ್ತಿರಲಿಲ್ಲ. ಇಡೀ ಆಟದ ನಿಜವಾದ ದೋಷ ಇದೆಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಇದನ್ನು ಹಿಡಿಯಲು ಬಯಲುಸೀಮೆಯ ಕಣ್ಣು ಬೇಕು.

ಆ ದೋಷವನ್ನು ಬಹುಮಟ್ಟಿಗೆ ತಿದ್ದಿದ್ದು 2010ರ ‘ಫಾಲ್‌ಔಟ್: ನ್ಯೂ ವೇಗಸ್’. ಹಳೆಯ ತಂಡದ ಕೆಲವರೂ ಇದ್ದ ಆಬ್ಸಿಡಿಯನ್ ಸಂಸ್ಥೆ ಜಾಶ್ ಸಾಯರ್ ಮುಂದಾಳತ್ವದಲ್ಲಿ ಇದನ್ನು ಸುಮಾರು ಹದಿನೆಂಟು ತಿಂಗಳಲ್ಲಿ ಮುಗಿಸಿತು. ಅವಸರದ ಗುರುತು ಎಲ್ಲೆಡೆ ಇತ್ತು, ಆಟ ನಡುನಡುವೆ ನಿಂತುಹೋಗುತ್ತಿತ್ತು. ವಿಮರ್ಶಕರ ಸರಾಸರಿ 84ಕ್ಕೆ ನಿಂತಿತು. 85 ಬಂದಿದ್ದರೆ ತಂಡಕ್ಕೆ ಹೆಚ್ಚುವರಿ ಹಣ ಸಿಗುತ್ತಿತ್ತೆಂದು ಬರಹಗಾರ ಕ್ರಿಸ್ ಅವೆಲೋನ್ ಆಮೇಲೆ ಹೇಳಿದ. ಇವತ್ತು ಸರಣಿಯ ಅಭಿಮಾನಿಗಳಲ್ಲಿ ಬಹಳ ಮಂದಿ ಮೊದಲು ಹೆಸರಿಸುವುದು ಇದನ್ನೇ. ಬಿಡುಗಡೆಯ ವಾರದ ಅಂಕಗಳಿಗೆ ಕಲಾವಿದರ ಕೂಲಿಯನ್ನು ಕಟ್ಟುವುದು ಎಷ್ಟು ಅನ್ಯಾಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈ ಆಟದಲ್ಲಿ ಹೊಲಗಳಿವೆ, ಗೇಣಿದಾರರಿದ್ದಾರೆ. ಬೇಕೆಂದರೆ ಹಸಿವು, ಬಾಯಾರಿಕೆ, ನಿದ್ದೆಯನ್ನೂ ಲೆಕ್ಕವಿಡುವ ಕಠಿಣ ಬಗೆಯಲ್ಲಿ ಆಡಬಹುದು. ಗೇಣಿದಾರರ ಹೊಲಕ್ಕೆ ಬರಬೇಕಾದ ನೀರು ಎಲ್ಲೋ ಕಡಿಮೆಯಾಗುತ್ತಿದೆ. ವಿಚಾರಿಸಲು ಹೋದ ಸೈನಿಕ ಕಾಣೆಯಾಗಿದ್ದಾನೆ. ಜಾಡು ಹಿಡಿದು ಹೋದರೆ, ಬಡವರ ಕೇರಿಯೊಂದು ತನ್ನ ಕೂಟ ಬೇಸಾಯಕ್ಕೆ ನೀರು ತಿರುಗಿಸಿಕೊಂಡಿರುವುದು, ಅದನ್ನು ಮುಚ್ಚಿಡಲು ಕೊಲೆಯೂ ಆಗಿರುವುದು ತಿಳಿಯುತ್ತದೆ. ಕೊಂದವನು ದುಷ್ಟನಲ್ಲ, ಹಸಿದ ಮಕ್ಕಳ ಪರವಾಗಿ ನಿಂತವನು. ಸತ್ಯ ಹೇಳುವುದೋ ಮುಚ್ಚುವುದೋ ಆಡುವವರಿಗೆ ಬಿಟ್ಟದ್ದು. ಇನ್ನೊಂದು ಕಡೆ ‘ಹೀಲಿಯೋಸ್ ಒನ್’ ಎಂಬ ಸೌರ ವಿದ್ಯುತ್ ಸ್ಥಾವರ. ಅದನ್ನು ಚಾಲೂ ಮಾಡುವಾಗ ವಿದ್ಯುತ್ ಯಾರಿಗೆ ಎಂದು ನಾವೇ ಆರಿಸಬೇಕು: ಸೈನ್ಯದ ನೆಲೆ ಮತ್ತು ಜೂಜುಕಟ್ಟೆಗಳ ಬೀದಿಗೋ, ಬಡವರ ಕೇರಿಗೋ, ಎಲ್ಲರಿಗೂ ಸ್ವಲ್ಪ ಸ್ವಲ್ಪವೋ, ಆಯುಧಕ್ಕೋ.

ಪಾವಗಡದ ತಿರುಮಣಿಯ ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಜಮೀನು ಕೊಂಡದ್ದಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಪಡೆದದ್ದು. ಮಳೆ ನೆಚ್ಚಿ ಶೇಂಗಾ ಹಾಕಿ ಸೋತ ರೈತನಿಗೆ ಇದು ಖಾತರಿ ಆದಾಯ. ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣವೂ ಇಲ್ಲ, ಕೂಲಿಯೂ ಇಲ್ಲ. ಕುರಿ ಮೇಯಿಸುವವರಿಗೆ ಬೇಲಿ. ನ್ಯೂ ವೇಗಸ್‌ನ ಪರದೆಯ ಮೇಲಿನ ಆಯ್ಕೆಗಳನ್ನು ಪಾವಗಡದ ಹುಡುಗಿಯೊಬ್ಬಳು ಓದಿದರೆ ಅವಳಿಗೆ ತಟ್ಟನೆ ಹೊಳೆಯುವ ಐದನೆಯ, ಆರನೆಯ ಆಯ್ಕೆಗಳನ್ನು ಬರೆದವರು ಊಹಿಸಿರಲಾರರು.

2015ರ ನಾಲ್ಕನೆಯ ಆಟ ಮೊದಲ ದಿನವೇ 1.2 ಕೋಟಿ ಪ್ರತಿ ರವಾನೆ ಕಂಡಿತು. ಮಾತಿನ ಆಯ್ಕೆಗಳನ್ನು ಬಡವಾಗಿಸಿತು. 2018ರ ‘ಫಾಲ್‌ಔಟ್ 76’ ಆನ್‌ಲೈನ್ ಆಟ, ಆರಂಭದಲ್ಲಿ ಅದರೊಳಗೆ ಮಾತಾಡಿಸಲು ಮನುಷ್ಯ ಪಾತ್ರಗಳೇ ಇರಲಿಲ್ಲ, ಎಲ್ಲ ಕಡೆ ಬೈಗುಳ ತಿಂದಿತು. 2024ರ ಏಪ್ರಿಲ್‌ನಲ್ಲಿ ಬಂದ, ಈ ಆಟಗಳನ್ನು ಆಧರಿಸಿದ ಧಾರಾವಾಹಿ ಇಡೀ ಸರಣಿಗೆ ಹೊಸ ಜನರನ್ನು ತಂದಿತು.

ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ 1997ರಿಂದ, ಅಂದರೆ ಮೊದಲ ಫಾಲ್‌ಔಟ್ ಬಂದ ವರ್ಷದಿಂದಲೇ, ಆಟಗಳ ಕೆಲಸದಲ್ಲಿತ್ತು. ಹೊರದೇಶದ ದೊಡ್ಡ ಆಟಗಳಿಗೆ ಗೋಡೆ, ಗಾಡಿ, ಗಿಡ, ತುಕ್ಕು, ಧೂಳನ್ನು ಕಂಪ್ಯೂಟರಿನಲ್ಲಿ ರೂಪಿಸಿ ಕಳುಹಿಸುವುದರಲ್ಲಿ ಅದು ಹೆಸರು ಮಾಡಿತು. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡು ತನ್ನ ಬೆಂಗಳೂರು ಘಟಕಕ್ಕೆ ಸೇರಿಸಿಕೊಂಡಿತು. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ರ ವಿಶಾಲ ಬಯಲುಗಳಲ್ಲಿ ರಾಕ್‌ಸ್ಟಾರ್‌ನ ಬೆಂಗಳೂರಿನವರ ಕೈಕೆಲಸವೂ ಇದೆ. ಕರ್ನಾಟಕ 2012ರಲ್ಲೇ ಆ್ಯನಿಮೇಷನ್ ಮತ್ತು ಗೇಮಿಂಗ್ ನೀತಿ ತಂದ ರಾಜ್ಯ. 2024ರ ನೀತಿ 30 ಸಾವಿರ ಹೊಸ ಉದ್ಯೋಗದ ಗುರಿ ಇಟ್ಟುಕೊಂಡಿದೆ. ಉದ್ಯೋಗ ಬರಲಿ, ಬೇಕು. ಆದರೆ ಬೇರೆಯವರ ಹಾಳೂರನ್ನು ಇಷ್ಟು ಚೆನ್ನಾಗಿ ಬಿಡಿಸಬಲ್ಲ ಕೈಗಳಿಗೆ ನಮ್ಮ ಹಾಳೂರನ್ನು ಬಿಡಿಸುವ ಕೆಲಸವನ್ನು ಯಾರೂ ಕೊಟ್ಟಿಲ್ಲವೆಂಬ ನೋವು ನನ್ನದು.

ಬೇರೆ ಕಡೆ ಇದನ್ನು ಮಾಡಿದವರಿದ್ದಾರೆ. ಉಕ್ರೇನಿನ ಕೀವ್ ನಗರದ ಜಿಎಸ್‌ಸಿ ಗೇಮ್ ವರ್ಲ್ಡ್ ತಂಡ 2007ರಲ್ಲಿ ‘ಸ್ಟಾಕರ್’ ಆಟ ಮಾಡುವ ಮೊದಲು ಚೆರ್ನೋಬಿಲ್ ನಿಷೇಧಿತ ವಲಯಕ್ಕೆ ಹೋಗಿ ಕಟ್ಟಡ, ಕಾಡು, ತುಕ್ಕುಹಿಡಿದ ಜೋಕಾಲಿಗಳ ಚಿತ್ರ ತೆಗೆದುಕೊಂಡು ಬಂತು. ತಮ್ಮ ನೆಲದ ದುರಂತವನ್ನು ತಾವೇ ಹೇಳಿದರು. ಅದರ ಮುಂದಿನ ಆಟ 2024ರ ನವೆಂಬರಿನಲ್ಲಿ, ಯುದ್ಧದ ನಡುವೆ, ತಂಡದ ಒಂದು ಭಾಗ ಪ್ರಾಗ್‌ಗೆ ವಲಸೆ ಹೋದಮೇಲೆ ಬಂತು. ಅದರ ಪಾತ್ರಗಳು ಉಕ್ರೇನಿ ಭಾಷೆಯಲ್ಲಿ ಮಾತಾಡುತ್ತವೆ.

ನಮ್ಮಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಬರಿದಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷವೂ ಇರಲಿಲ್ಲ. ಕಂದಾಯ ದಾಖಲೆಗಳಲ್ಲಿ ಇಂದಿಗೂ ಬೇಚರಾಕ್ ಗ್ರಾಮಗಳಿವೆ: ನಕ್ಷೆಯಲ್ಲಿ ಗಡಿ ಇದೆ, ಸರ್ವೆ ನಂಬರು ಇದೆ, ಮನೆಯಿಲ್ಲ. ಪ್ಲೇಗಿಗೋ, ಬರಕ್ಕೋ, ದಂಡಿಗೋ ಜನ ಬಿಟ್ಟುಹೋದ ಊರುಗಳವು. ಮುಳ್ಳಿನ ಪೊದೆಯಲ್ಲಿ ಒಂದು ಮಾರಮ್ಮನ ಕಲ್ಲು, ಹೂಳು ತುಂಬಿದ ಬಾವಿ ಉಳಿದಿರುತ್ತವೆ. ಶಿರಾ ಕೋಟೆ, ಮಧುಗಿರಿಯ ಏಕಶಿಲೆ, ಪಾವಗಡದ ನಿಡಗಲ್ಲು ಒಂದೇ ಸೀಮೆಯೊಳಗಿವೆ.

ಭಾಷೆಯದು ದೊಡ್ಡ ತೊಡಕಾಗಿತ್ತು. ಫಾಲ್‌ಔಟ್ 3ರ ಕಾಲದ ಆಟ ಕಟ್ಟುವ ತಂತ್ರಾಂಶಗಳು ಬಹುಮಟ್ಟಿಗೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತಿದ್ದವು, ಅಷ್ಟೇ. ಕಳ್ಳಂಬೆಳ್ಳ ಎಂದು ಬರೆಯಲು ಎರಡು ಒತ್ತಕ್ಷರ ಕೆಳಗಿಳಿಯಬೇಕು, ಬ ಅಕ್ಷರಕ್ಕೆ ಎತ್ವ ಕೂಡಿ ಆಕಾರವೇ ಬದಲಾಗಬೇಕು. ಇಲ್ಲದಿದ್ದರೆ ಊರ ಹೆಸರು ಮುರಿದ ತುಂಡುಗಳಾಗಿ ಪರದೆಯ ಮೇಲೆ ಬೀಳುತ್ತಿತ್ತು. 2023ರ ಮಾರ್ಚಿನಲ್ಲಿ ಬಂದ ಗೋಡೋ 4 ಎಂಬ ಉಚಿತ ತಂತ್ರಾಂಶದಲ್ಲಿ ಈ ಜೋಡಣೆಯ ವ್ಯವಸ್ಥೆ ಒಳಗೇ ಇದೆ. ನಾಲ್ಕೈದು ಜನರ ತಂಡ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಅಚ್ಚಗನ್ನಡದ ಆಟ ಕಟ್ಟಬಹುದು. ಸರ್ಕಾರ ನೀತಿಯ ಹಣದಲ್ಲಿ ಒಂದಷ್ಟನ್ನು ಇಂಥ ತಂಡಗಳಿಗೆ, ಅದೂ ಜಿಲ್ಲಾ ಕೇಂದ್ರಗಳಿಂದಾಚೆಯ ಹುಡುಗ ಹುಡುಗಿಯರಿಗೆ, ಎತ್ತಿಡಬೇಕು.

ಅದಕ್ಕೆ ಅರ್ಧ ಅಮೆರಿಕದಷ್ಟು ನಕ್ಷೆ ಬೇಡ. ಕಳ್ಳಂಬೆಳ್ಳ ಕೆರೆಯಿಂದ ಮದಲೂರು ಕೆರೆಯವರೆಗಿನ ದಾರಿ, ನಡುವಿನ ಹಳ್ಳಿಗಳು, ಒಂದು ಬೇಚರಾಕ್ ಗ್ರಾಮ, ಹತ್ತಾರು ಬೋರ್‌ವೆಲ್ಲು. ಆಡುವವರು ತೊಡಬೇಕಾದ ಪಾತ್ರ ಬಂದೂಕು ಹಿಡಿದ ಅಲೆಮಾರಿಯದಲ್ಲ, ಕೆರೆಯ ನೀರು ಹಂಚುವ ನೀರುಗಂಟಿಯದು. ಮಳೆಗಾಲದ ಮುಂಚೆ ಕಾಲುವೆಯ ಹೂಳೆತ್ತಿಸಲು ಆಳು ಕೂಡಿಸಬೇಕು, ಕೆರೆ ಎಷ್ಟು ತುಂಬಿದೆಯೆಂದು ನೋಡಿ ಭತ್ತವೋ ರಾಗಿಯೋ ಎಂದು ಊರೊಟ್ಟಿನಲ್ಲಿ ಹೇಳಬೇಕು, ತೂಬು ಎತ್ತಿದ ದಿನ ತಲೆಗಟ್ಟಿನ ಹೊಲದವನ ಸಿಟ್ಟನ್ನೂ ಕೊನೆಯ ಹೊಲದವಳ ಅಳಲನ್ನೂ ಕೇಳಬೇಕು, ರಾತ್ರಿ ಮಡೆ ತಿರುಗಿಸಿಕೊಂಡವನು ನೆಂಟನೇ ಆಗಿದ್ದರೆ ಏನು ಮಾಡುವುದೆಂದು ತೀರ್ಮಾನಿಸಬೇಕು. ಯಾರ ಹೊಲಕ್ಕೆ ಎಷ್ಟು ಹೊತ್ತು ಬಿಟ್ಟೆವೆಂಬುದರ ಮೇಲೆ ಮುಂದಿನ ಸುಗ್ಗಿಯಲ್ಲಿ ಯಾವ ಮನೆಗೆ ಬೀಗ ಬೀಳುತ್ತದೆ, ಯಾರು ಬೆಂಗಳೂರಿನ ಬಸ್ಸು ಹತ್ತುತ್ತಾರೆ ಎಂಬುದನ್ನು ಆಟ ಲೆಕ್ಕ ಇಟ್ಟುಕೊಳ್ಳಬೇಕು.